ಹಳೇ ರೇಷ್ಮೆ ಬ್ಲೌಸ್ ಈಗಿನ ಥರ ಮಾಡಿಸಬಹುದಾ?

ದಾವಣಗೆರೆ ಸೊಸೆ: ಸೀರೆ ಚೆನ್ನಾಗೇ ಇದೆ, ಬ್ಲೌಸ್ ಮಾತ್ರ ಹಳೇ ಕಾಲದ್ದು ಅನ್ನಿಸುತ್ತೆ. ತೋಳು 5 ಇಂಚು, ಬೆನ್ನಿಗೆ ದೊಡ್ಡ ಲಟ್ಕನ್ (ತೂಗಾಡೋ ಗೊಂಡೆ), ಕೊರಳ ಸುತ್ತ ಕುಂದನ್ ಕಲ್ಲು. ಹೊಸದೇ ಹೊಲಿಸಬೇಕಾ?

ಸೂಜಿದಾರ: ಮೊದಲು ಒಳಮಗ್ಗುಲು ತಿರುಗಿಸಿ ನೋಡ್ರಿ. ಸೈಡಲ್ಲಿ 1 ಇಂಚು ಮಾರ್ಜಿನ್ (ಹೊಲಿಗೆ ಒಳಗೆ ಬಿಟ್ಟ ಹೆಚ್ಚಿನ ಬಟ್ಟೆ) ಇದ್ರೆ ಫಿಟಿಂಗ್ ಸರಿಹೋಗುತ್ತೆ. ತೋಳು ಬೇರೆ ಮಾತು. ತುದಿ ಮಡಿಕೆ ಬಿಚ್ಚಿದ್ರೆ ಸಿಗೋದು ಹೆಚ್ಚೆಂದ್ರೆ 1 ಇಂಚು, ಮೊಣಕೈವರೆಗೆ ಬೇಕಾದ್ರೆ 10-11 ಇಂಚು ಬೇಕು. ಎರಡೂ ತೋಳು ಬಿಚ್ಚಿ ಹೊಸ ಬಟ್ಟೇಲಿ ಕತ್ತರಿಸ್ಬೇಕು. ಬಟ್ಟೆ ಪನ್ನಾ (ಅಗಲ) 44 ಇಂಚು ಇದ್ರೆ ಅರ್ಧ ಮೀಟರ್ ಸಾಕು. ಅದೇ ಬಣ್ಣ ಹುಡುಕಬೇಡ್ರಿ; ಹಳೇ ರೇಷ್ಮೆ ಮಾಸಿರುತ್ತೆ, ಹೊಸದು ತೇಪೆ ಹಾಕಿದಂಗೆ ಕಾಣುತ್ತೆ. ಸೀರೆ ಅಂಚಿನ ಬಣ್ಣ ತಗೊಳ್ರಿ.

ಮಂಡಿಪೇಟೆ ಗಿರಾಕಿ: ಸೀರೆ ಜೊತೇಲೇ ಒಯ್ದು, ಅಂಗಡಿ ಲೈಟಲ್ಲಲ್ಲ, ಹೊರಗೆ ಬಿಸಿಲಲ್ಲಿ ಹೊಂದಿಸಿ ನೋಡಿ. ಲಟ್ಕನ್ ಅಂತೂ ಇವತ್ತೇ ಕಿತ್ತಾಕಿ, ಅರ್ಧ ಹಳೇತನ ಅಲ್ಲೇ ಹೋಗುತ್ತೆ.

ದಾವಣಗೆರೆ ಸೊಸೆ: ಕುಂದನ್ ತೆಗೆದ್ರೆ ಗುರುತು ಉಳಿಯಲ್ವಾ?

ಸೂಜಿದಾರ: ಉಳಿಯುತ್ತೆ. ಹೊಲಿದಿದ್ರೆ ಸೂಜಿ ತೂತು, ಅಂಟಿಸಿದ್ರೆ ಗೋಂದಿನ ಕಲೆ. ಅಷ್ಟು ಭಾಗ ಕತ್ತರಿಸಿ ಅಂಚಿಗೆ ಪೈಪಿಂಗ್ (ಸಣ್ಣ ಬಟ್ಟೆ ಪಟ್ಟಿ) ಕೊಡಿಸ್ರಿ. ಹಂಗೆ ಕತ್ತರಿಸಿ ಕೊರಳು ಈಗಿರೋದಕ್ಕಿಂತ ಅರ್ಧ ಇಂಚಿಗೂ ಜಾಸ್ತಿ ಅಗಲ ಆದ್ರೆ ಭುಜ ಜಾರುತ್ತೆ. ಹಂಗಾದ್ರೆ ಕತ್ತರಿಸೋದು ಬಿಟ್ಟು, ತೋಳಿನ ಹೊಸ ಬಟ್ಟೆದೇ ಒಂದು ಪಟ್ಟಿನ ಆ ಗುರುತಿನ ಮೇಲೆ ಹೊಲಿಸ್ರಿ.