ಡೇಟಾ ಎಲ್ಲಿದೆ ಅಂತ ಲೇಖನದಲ್ಲಿ ಹೇಗೆ ಬರೆಯೋದು? ನಿಮ್ಮ ಅನುಭವ ಹೇಳಿ

ಕೇಳಿದವರು: ಪಿಎಚ್‌ಡಿ ವಿದ್ಯಾರ್ಥಿನಿ, ಕಲಬುರಗಿ

ಆಳಂದ ತಾಲ್ಲೂಕಿನ ನಾಲ್ಕು ತಾಂಡಾಗಳಲ್ಲಿ ಮನೆಮನೆಗೆ ಹೋಗಿ ಮಹಿಳೆಯರ ರಕ್ತಹೀನತೆ ಬಗ್ಗೆ ಸಮೀಕ್ಷೆ ಮಾಡಿದ್ದೆ. ಲೇಖನ ಬರೆದು ಜರ್ನಲ್‌ಗೆ ಕಳಿಸಿದರೆ ವಾಪಸ್ ಬಂತು. ತಕರಾರು ಒಂದೇ: ಡೇಟಾ ಅವೈಲಬಿಲಿಟಿ ಸ್ಟೇಟ್‌ಮೆಂಟ್ (ಡೇಟಾ ಎಲ್ಲಿದೆ, ಬೇರೆಯವರಿಗೆ ಹೇಗೆ ಸಿಗುತ್ತದೆ ಅಂತ ತಿಳಿಸುವ ಹೇಳಿಕೆ) ಇಲ್ಲ. 'ಕೇಳಿದವರಿಗೆ ಕೊಡುತ್ತೇವೆ ಅಂತ ಒಂದು ಸಾಲು ಹಾಕಿ ಕಳಿಸು, ಎಲ್ಲರೂ ಹಾಗೇ ಮಾಡ್ತಾರೆ' ಅಂತ ಹಿರಿಯರೊಬ್ಬರು ಹೇಳಿದರು. ಅಷ್ಟು ಸಾಕಾ? ನಮ್ಮ ಕಡೆ ಇದನ್ನು ಮಾಡಿದವರು ದಯವಿಟ್ಟು ಹೇಳಿ. ಹತ್ತು ದಿನ ಟೈಮ್ ಇದೆ.

ತೊಗರಿ ಸಂಶೋಧಕ, ಕಲಬುರಗಿ

ಸಾಲದು. ಅದೇ ಸಾಲನ್ನು ನಾನೂ ಬರೆದಿದ್ದೆ. ಆಮೇಲೆ ಏನಾಯಿತು ಅಂತ ಹೇಳುತ್ತೇನೆ.

ನೆಟೆ ರೋಗ ತಡೆಯುವ ತೊಗರಿ ತಳಿಗಳ ಮೇಲೆ ಮಾಡಿದ ಪ್ರಯೋಗ ಅದು. ಲೇಖನ ಬಂದು ನಾಲ್ಕು ವರ್ಷ ಆದ ಮೇಲೆ ಮಹಾರಾಷ್ಟ್ರದ ಸಂಶೋಧಕಿಯೊಬ್ಬರಿಗೆ ಪ್ರತಿ ಮಡಿಯ ಅಂಕಿ ಬೇಕಾಯಿತು. ಲೇಖನದಲ್ಲಿದ್ದ ಇಮೇಲ್ ನನ್ನ ಹಳೇ ಕೆಲಸದ್ದು, ಅಷ್ಟರಲ್ಲಿ ಬಂದ್ ಆಗಿತ್ತು. ಪಾಪ, ಅವರು ಅವರಿವರನ್ನು ಕೇಳಿ ನನ್ನ ಫೋನ್ ನಂಬರ್ ಹುಡುಕಿದರು. ಖುಷಿಯಿಂದ ಕೊಡೋಣ ಅಂತ ಫೈಲ್ ತೆಗೆದೆ. ಮಡಿ ನಂಬರ್ ಇರಬೇಕಾದ ಕಾಲಂನಲ್ಲಿ ಬರೀ ತಾರೀಕುಗಳು! ಮೂರನೇ ಸಾಲಿನ ಎರಡನೇ ಮಡಿಯನ್ನು ನಾವು 3-2 ಅಂತ ಬರೆಯುತ್ತಿದ್ದೆವು. ಎಕ್ಸೆಲ್ ಅದನ್ನು ಫೆಬ್ರವರಿ 3 ಮಾಡಿಬಿಟ್ಟಿತ್ತು. ಇನ್ನೊಂದು ಕಂಪ್ಯೂಟರಿನಲ್ಲಿ ತಾರೀಕು ಅಮೆರಿಕದ ಕ್ರಮದಲ್ಲಿತ್ತು. ಅಲ್ಲಿ ಟೈಪ್ ಮಾಡಿದ್ದೆಲ್ಲ ಮಾರ್ಚ್ 2 ಆಗಿತ್ತು. ಯಾವುದು 3-2, ಯಾವುದು 2-3 ಅಂತ ತಿಳಿಯಲು ಹೊಲದ ನೋಟ್‌ಬುಕ್ ಹಿಡಿದು ಮೂರು ದಿನ ಕೂತೆ. ಮಳೆಗೆ ನೆನೆದು ಶಾಯಿ ಹರಡಿದ ಎರಡು ಪುಟದ ಅಂಕಿಗಳು ಕೊನೆಗೂ ಸಿಗಲಿಲ್ಲ. ಆ ಬೆಳೆ ಮತ್ತೆ ಬೆಳೆಯೋಕೆ ಆಗುತ್ತಾ?

ಎಲ್ಲ ಕಡೆಯೂ ಹೀಗೇ ಇದೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 2ರಿಂದ 22 ವರ್ಷ ಹಳೆಯ 516 ಲೇಖನಗಳ ಡೇಟಾ ಹುಡುಕಿದ್ದರು. ಡೇಟಾ ಉಳಿದಿರುವ ಸಾಧ್ಯತೆ, ಆಡ್ಸ್ ಲೆಕ್ಕದಲ್ಲಿ (ಉಳಿದಿರುವ ಸಾಧ್ಯತೆಗೂ ಉಳಿಯದಿರುವ ಸಾಧ್ಯತೆಗೂ ಇರುವ ಅನುಪಾತ), ವರ್ಷಕ್ಕೆ ಶೇ 17ರಂತೆ ಇಳಿಯುತ್ತಿತ್ತು. 2022ರ ಇನ್ನೊಂದು ಅಧ್ಯಯನ ನಿಮ್ಮ ಪ್ರಶ್ನೆಗೇ ಉತ್ತರ. 'ಕೊಡುತ್ತೇವೆ' ಅಂತ ಬರೆದಿದ್ದ 1,792 ಲೇಖನಗಳ ಲೇಖಕರಿಗೆ ಪತ್ರ ಬರೆದು ಕೇಳಿದರು. ನಿಜವಾಗಿ ಕೊಟ್ಟವರು 122 ಮಂದಿ.

ಈಗ ನಾನು ಮೊದಲು ಡೇಟಾ ಇಡುತ್ತೇನೆ, ಆಮೇಲೆ ಸ್ಟೇಟ್‌ಮೆಂಟ್ ಬರೆಯುತ್ತೇನೆ. ಝೆನೋಡೊ ಬಳಸುತ್ತೇನೆ. ಜಿನೀವಾದ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್‌ನವರು 2013ರಿಂದ ನಡೆಸುತ್ತಿರುವ ಉಚಿತ ರೆಪಾಸಿಟರಿ, ಅಂದರೆ ಆನ್‌ಲೈನ್ ಡೇಟಾ ಭಂಡಾರ ಅದು. ನಮ್ಮಂಥವರ ಡೇಟಾಗೆ ಜಾಗ ಧಾರಾಳವಾಗಿದೆ. ಪ್ರಕಟಿಸುವ ಮೊದಲೇ ಒಂದು ಡಿಒಐ (ಡೇಟಾಗೆ ಸಿಗುವ ಶಾಶ್ವತ ಗುರುತು, ಅದೇ ಲಿಂಕ್ ಕೂಡ) ಕಾದಿರಿಸಿಕೊಂಡು ಲೇಖನದಲ್ಲಿ ಹಾಕಬಹುದು. ಜೊತೆಗೆ ಒಂದು ರೀಡ್‌ಮೀ ಫೈಲ್ ಇಡಿ: ಪ್ರತಿ ಕಾಲಂ ಅಂದರೆ ಏನು, ಯಾವ ಅಳತೆ, ಖಾಲಿ ಬಿಟ್ಟ ಕಡೆ ಸೊನ್ನೆಯೋ ಅಥವಾ ಅಳೆದೇ ಇಲ್ಲವೋ. ಈ ಕೊನೆಯದು ತುಂಬ ಮುಖ್ಯ. ರೋಗ ಬಾರದ ಮಡಿಗೂ, ನಾವು ಹೋಗಿ ನೋಡದ ಮಡಿಗೂ ವ್ಯತ್ಯಾಸ ಇದೆ ಅಲ್ವಾ?

ಸಮುದಾಯ ಆರೋಗ್ಯ ಕೆಲಸ, ಯಾದಗಿರಿ

ಮೇಲಿನವರು ಹೇಳಿದ್ದು ಸರಿ. ಆದರೆ ತಂಗಿ, ನಿಮ್ಮದು ತೊಗರಿ ಅಲ್ಲ, ಮನುಷ್ಯರು. ಅವಸರದಲ್ಲಿ ಪೂರ್ತಿ ಫೈಲ್ ಎತ್ತಿ ಇಡಬೇಡಿ.

ಹೆಸರಿನ ಕಾಲಂ ಅಳಿಸಿದರೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಸುರಪುರ ಕಡೆಯ ಒಂದು ಸಮೀಕ್ಷೆ ಫೈಲನ್ನು ಹಾಗೆ ತಯಾರು ಮಾಡಿ, ಅದೇ ಭಾಗದ ಆಶಾ ಕಾರ್ಯಕರ್ತೆಗೆ ಒಂದು ಸಾಲು ತೋರಿಸಿದೆ. ಅವರು ಮೊದಲೇ ನಮ್ಮ ಜೊತೆ ಮನೆಮನೆ ಸುತ್ತಿದವರು. ತಾಂಡಾದ ಹೆಸರು, ವಯಸ್ಸು 71, ಕೆಲಸ ಸೂಲಗಿತ್ತಿ, ಮಕ್ಕಳು ಒಂಬತ್ತು. ಓದಿ ಮುಗಿಸುವ ಮೊದಲೇ ಅವರು ಆ ಅಜ್ಜಿಯ ಹೆಸರು ಹೇಳಿದರು. ಅದೇ ಸಾಲಿನ ಮುಂದಿನ ಕಾಲಂನಲ್ಲಿ ಅಜ್ಜಿಯ ಕಾಯಿಲೆ ಇತ್ತು. ನನಗೆ ಎದೆ ಧಸಕ್ಕೆಂದಿತು. ಆ ಫೈಲ್ ಹೊರಗೆ ಹೋಗಲಿಲ್ಲ, ಸದ್ಯ.

ಈಗ ಊರು, ತಾಂಡಾಗಳ ಹೆಸರಿನ ಬದಲು ಕೋಡ್ ಹಾಕುತ್ತೇನೆ. ಆ ಕೋಡ್‌ಗಳ ಪಟ್ಟಿ ಬೇರೆ ಕಡೆ, ಬೀಗದಲ್ಲಿ. ವಯಸ್ಸನ್ನು ಐದು ವರ್ಷದ ಗುಂಪು ಮಾಡುತ್ತೇನೆ. ಇಡೀ ಊರಿಗೆ ಒಬ್ಬರೇ ಮಾಡುವ ಕೆಲಸವನ್ನು 'ಇತರೆ'ಗೆ ಸೇರಿಸುತ್ತೇನೆ. ಸಮೀಕ್ಷೆ ಮಾಡಿದ ತಾರೀಕು ತೆಗೆದು ತಿಂಗಳು ಮಾತ್ರ ಉಳಿಸುತ್ತೇನೆ. ಅದಾದ ಮೇಲೂ ಊರು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ಸಾಲು ಓದುತ್ತೇನೆ. ಕಂಪ್ಯೂಟರ್ ಮಾಡದ ಕೆಲಸ ಇದು.

ಇನ್ನೊಂದು. ನಿಮ್ಮ ಒಪ್ಪಿಗೆ ಪತ್ರ ತೆಗೆದು ಓದಿ. ಅದರಲ್ಲಿ 'ಈ ಮಾಹಿತಿ ಸಂಶೋಧನಾ ತಂಡ ಬಿಟ್ಟು ಯಾರಿಗೂ ಸಿಗುವುದಿಲ್ಲ' ಅಂತ ಇದ್ದರೆ ಆ ಮಾತು ಉಳಿಸಿಕೊಳ್ಳಲೇಬೇಕು. ಲಂಬಾಣಿ ಭಾಷೆಯಲ್ಲಿ ಓದಿ ಹೇಳುವಾಗ ಒಬ್ಬ ತಾಯಿ 'ಈ ಕಾಗದ ಯಾರ್ಯಾರು ನೋಡ್ತಾರೆ?' ಅಂತ ನನ್ನನ್ನು ಕೇಳಿದ್ದರು. ನಾನು ಏನು ಹೇಳಿದೆನೋ ಅದಕ್ಕೇ ಅವರು ಹೆಬ್ಬೆಟ್ಟು ಒತ್ತಿದ್ದು. ಜರ್ನಲ್ ಕೇಳಿತು ಅಂತ ಆಮೇಲೆ ಬದಲಾಯಿಸೋಕೆ ಬರೋದಿಲ್ಲ. ಏನು ಹಂಚಬಹುದು ಅನ್ನುವುದನ್ನು ನಿಮ್ಮ ನೈತಿಕ ಸಮಿತಿಗೆ ಬರೆದು ಕೇಳಿ. ಈ ಹತ್ತು ದಿನದಲ್ಲಿ ಮೊದಲ ಕೆಲಸ ಅದೇ ಆಗಲಿ.

ಹಂಚಲು ಆಗದಿದ್ದರೆ ಅದನ್ನೇ ಕಾರಣ ಸಮೇತ ಬರೆಯಿರಿ. ಜರ್ನಲ್‌ಗಳು ಒಪ್ಪುತ್ತವೆ. ನಾನು ಬರೆದದ್ದರ ಸಾರ ಹೀಗಿತ್ತು: 'ಮೂಲ ಡೇಟಾದಲ್ಲಿ ಸಣ್ಣ ಊರುಗಳ ಜನರ ಆರೋಗ್ಯದ ಮಾಹಿತಿ ಇದೆ. ಹೆಸರು ತೆಗೆದರೂ ಗುರುತು ಸಿಗಬಹುದು. ಆದ್ದರಿಂದ ನೈತಿಕ ಸಮಿತಿಯ ಷರತ್ತಿನಂತೆ ಸಾರ್ವಜನಿಕವಾಗಿ ಇಟ್ಟಿಲ್ಲ. ಬೇಕಾದ ಸಂಶೋಧಕರು ಸಮಿತಿಯ ಕಚೇರಿಗೆ ಅರ್ಜಿ ಹಾಕಬಹುದು. ಪ್ರಶ್ನಾವಳಿ, ಕೋಡ್‌ಬುಕ್ (ಕಾಲಂ, ಕೋಡ್‌ಗಳ ಅರ್ಥದ ಪಟ್ಟಿ) ಮತ್ತು ಕೋಷ್ಟಕಗಳ ಹಿಂದಿನ ಒಟ್ಟು ಅಂಕಿಗಳು ಈ ಡಿಒಐಯಲ್ಲಿ ಇವೆ.' ಸಂಪರ್ಕಕ್ಕೆ ಕಚೇರಿಯ ಇಮೇಲ್ ಕೊಡಿ, ನಿಮ್ಮದಲ್ಲ. ನೀವು ಪಿಎಚ್‌ಡಿ ಮುಗಿಸಿ ಹೋಗುತ್ತೀರಿ, ಕಚೇರಿ ಅಲ್ಲೇ ಇರುತ್ತದೆ. ಪ್ಲಾಸ್ (PLOS) ಪ್ರಕಾಶನದ ಜರ್ನಲ್‌ಗಳು 2014ರ ಮಾರ್ಚ್‌ನಿಂದ ಸ್ಟೇಟ್‌ಮೆಂಟ್ ಕಡ್ಡಾಯ ಮಾಡಿವೆ. ಲೇಖಕರೊಬ್ಬರನ್ನೇ ಸಂಪರ್ಕಕ್ಕೆ ಕೊಟ್ಟರೆ ಪ್ಲಾಸ್‌ನವರು ಒಪ್ಪುವುದೂ ಇಲ್ಲ.

ಪಶುರೋಗ ಲ್ಯಾಬ್, ಬೀದರ್

ನಮ್ಮದು ದೇವಣಿ ದನಗಳ ರಕ್ತದ ಮಾದರಿ, ಡಿಎನ್‌ಎ ಸೀಕ್ವೆನ್ಸ್. ಇದಕ್ಕೆ ಝೆನೋಡೊ ಸಾಲದು, ಜೆನ್‌ಬ್ಯಾಂಕ್‌ನಂಥ ಸೀಕ್ವೆನ್ಸ್ ಭಂಡಾರದಲ್ಲೇ ಇಡಬೇಕು. ಫರೀದಾಬಾದ್‌ನ ಇಂಡಿಯನ್ ಬಯಾಲಜಿಕಲ್ ಡೇಟಾ ಸೆಂಟರ್ ಕೂಡ ಈಗ ಸೀಕ್ವೆನ್ಸ್ ತೆಗೆದುಕೊಳ್ಳುತ್ತದೆ. ಸ್ಟೇಟ್‌ಮೆಂಟ್‌ನಲ್ಲಿ ಅಕ್ಸೆಷನ್ ನಂಬರ್ (ಆ ಭಂಡಾರ ಕೊಡುವ ಗುರುತಿನ ಸಂಖ್ಯೆ) ಪೂರ್ತಿ ಬರೆಯಿರಿ. ನಾವು ಬಿಡುಗಡೆ ತಾರೀಕನ್ನು ಮುಂದಿನ ವರ್ಷಕ್ಕೆ ಇಟ್ಟು ಮರೆತಿದ್ದೆವು. ಲೇಖನ ಪ್ರಕಟವಾಯಿತು, ನಂಬರ್ ಹಾಕಿ ಹುಡುಕಿದವರಿಗೆ ಏನೂ ಸಿಗಲಿಲ್ಲ. ಲೇಖನ ಒಪ್ಪಿಗೆಯಾದ ದಿನವೇ ಬಿಡುಗಡೆ ಮಾಡಿ ಅಂತ ಭಂಡಾರದವರಿಗೆ ಬರೆದು ತಿಳಿಸಬೇಕು.

ದನದ ಮಾಲೀಕರ ಹೆಸರು, ಮೊಬೈಲ್ ನಂಬರ್ ಕೂಡ ತೆಗೆಯಿರಿ. ದನದ ಡೇಟಾ ಅಂತ ಅದನ್ನು ಮರೆಯೋದು ಜಾಸ್ತಿ.

ಪುರಾತತ್ವ ವಿದ್ಯಾರ್ಥಿ, ಹುಣಸಗಿ

ಹುಣಸಗಿ–ಬೈಚಬಾಳ ಕಣಿವೆಯ ಹೊಲಗಳಲ್ಲಿ ಹಳೇ ಶಿಲಾಯುಗದ ಕಲ್ಲಿನ ಉಪಕರಣಗಳು ಇವತ್ತಿಗೂ ನೆಲದ ಮೇಲೆಯೇ ಸಿಗುತ್ತವೆ. ಅಳತೆ, ಫೋಟೋ ಎಲ್ಲ ಹಂಚಿದೆವು. ಜಿಪಿಎಸ್ ಗುರುತು ಮಾತ್ರ ಕೊಡಲಿಲ್ಲ. ಕೊಟ್ಟಿದ್ದರೆ ಆರಿಸಿಕೊಂಡು ಹೋಗುವವರಿಗೆ ದಾರಿ ತೋರಿಸಿದ ಹಾಗೆ. ಹೀಗೆ ಒಂದು ಭಾಗ ಕೊಟ್ಟು ಒಂದು ಭಾಗ ತಡೆಯಬಹುದು, ಯಾಕೆ ಅಂತ ಬರೆದರೆ ಆಯಿತು. ಮಳೆ ಅಂಕಿಯನ್ನು ಹವಾಮಾನ ಇಲಾಖೆಯಿಂದ ಪಡೆದಿದ್ದೆವು. ಅದು ನಮ್ಮ ಸ್ವತ್ತಲ್ಲ. ಎಲ್ಲಿಂದ, ಯಾವಾಗ ಪಡೆದೆವು, ಬೇರೆಯವರು ಎಲ್ಲಿ ಕೇಳಬೇಕು ಅಂತಷ್ಟೇ ಬರೆದೆವು.

ಗಣಿತ ಉಪನ್ಯಾಸಕಿ, ಬೀದರ್

ಡೇಟಾನೇ ಇಲ್ಲದ ಲೇಖನಕ್ಕೂ ಸ್ಟೇಟ್‌ಮೆಂಟ್ ಕೇಳುತ್ತಾರೆ. 'ಈ ಅಧ್ಯಯನದಲ್ಲಿ ಹೊಸ ಡೇಟಾ ಸಂಗ್ರಹಿಸಿಲ್ಲ, ವಿಶ್ಲೇಷಿಸಿಲ್ಲ' ಅಂತ ಬರೆದರೆ ಸಾಕು.

ಕೇಳಿದವರು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಒಪ್ಪಿಗೆ ಪತ್ರ ತೆಗೆದು ನೋಡಿದೆ. 'ಹೆಸರಿಲ್ಲದ ಮಾಹಿತಿಯನ್ನು ಬೇರೆ ಸಂಶೋಧಕರ ಜೊತೆ ಹಂಚಬಹುದು' ಅಂತ ಇದೆ. ಸಮಿತಿಗೆ ಇವತ್ತೇ ಪತ್ರ ಕೊಟ್ಟೆ. ಎರಡು ಸಂಶಯ. ನನ್ನ ಟಿಪ್ಪಣಿ ಕಾಲಂ ನುಡಿ ತಂತ್ರಾಂಶದಲ್ಲಿ ಟೈಪ್ ಆಗಿದೆ, ಪರವಾಗಿಲ್ಲವಾ? ಮತ್ತೆ, ಪರಿಶೀಲಕರಿಗೆ ನನ್ನ ಹೆಸರು ಗೊತ್ತಾಗಬಾರದು ಅಂತ ಜರ್ನಲ್ ಹೇಳಿದೆ. ಲಿಂಕ್‌ನಲ್ಲಿ ಹೆಸರು ಇರುತ್ತಲ್ಲ?

ತೊಗರಿ ಸಂಶೋಧಕ, ಕಲಬುರಗಿ

ನುಡಿಯ ಹಳೇ ಫಾಂಟ್‌ನಲ್ಲಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಯುನಿಕೋಡ್‌ಗೆ ಬದಲಾಯಿಸಿ, ಯುಟಿಎಫ್-8 ಸಿಎಸ್‌ವಿ (ಯಾವ ಕಂಪ್ಯೂಟರಿನಲ್ಲೂ ತೆರೆಯುವ ಸರಳ ಪಠ್ಯದ ಫೈಲ್) ಆಗಿ ಉಳಿಸಿ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ, ಕಣ್ಣಿಟ್ಟು ಓದಿ. ಟಿಪ್ಪಣಿಗಳಲ್ಲಿ ಯಾರದಾದರೂ ಹೆಸರು ಉಳಿದಿದೆಯಾ ಅಂತಲೂ ಆಗಲೇ ನೋಡಿಬಿಡಿ.

ಹೆಸರಿನ ವಿಷಯಕ್ಕೆ: ಓಎಸ್‌ಎಫ್‌ ಅನ್ನುವ ಇನ್ನೊಂದು ಆನ್‌ಲೈನ್ ಡೇಟಾ ತಾಣದಲ್ಲಿ ಲೇಖಕರ ಹೆಸರು ಮುಚ್ಚಿದ, ನೋಡಲು ಮಾತ್ರ ಬರುವ ಲಿಂಕ್ ಮಾಡಬಹುದು. ಪರಿಶೀಲನೆಗೆ ಅದನ್ನು ಕೊಡಿ, ಒಪ್ಪಿಗೆಯಾದ ಮೇಲೆ ನಿಜವಾದ ಡಿಒಐ ಹಾಕಿ. ಕಾದಿರಿಸಿದ ಡಿಒಐ ನೀವು ಪಬ್ಲಿಷ್ ಒತ್ತುವವರೆಗೆ ತೆರೆಯುವುದಿಲ್ಲ, ಗಾಬರಿ ಬೇಡ. ಕಳಿಸುವ ಮೊದಲು ಮನೆಯಲ್ಲಿ ಬೇರೆಯವರ ಫೋನ್ ತೆಗೆದುಕೊಂಡು, ಲಾಗಿನ್ ಆಗದೆ, ಓಎಸ್‌ಎಫ್ ಲಿಂಕ್ ಒತ್ತಿ ನೋಡಿ. ಫೈಲ್ ಇಳಿದರೆ ಕಳಿಸಿ.