ಅಪ್‌ಡೇಟ್: ಲೂಪ್ ಡಿಟೆಕ್ಟರ್ ಡೆನ್ಸಿಟಿ ಲೆಕ್ಕ ಕೊನೆಗೂ ಹೊಂದ್ತು

ಹೋದ ವಾರ ಕೇಳಿದ್ನಲ್ಲ, ಕ್ಯಾಲಿಫೋರ್ನಿಯಾ ಫ್ರೀವೇಯ ಲೂಪ್ ಡಿಟೆಕ್ಟರ್ (ಗಾಡಿ ಮೇಲೆ ಬಂದ್ರೆ ಆನ್ ಆಗೋ, ರಸ್ತೆಯೊಳಗೆ ಹೂತಿಟ್ಟ ತಂತಿ ಸುರುಳಿ) ಡೇಟಾದಲ್ಲಿ ಡೆನ್ಸಿಟಿ, ಅಂದ್ರೆ ಒಂದು ಕಿ.ಮೀ. ರಸ್ತೆಲಿ ಎಷ್ಟು ಗಾಡಿ ಅನ್ನೋದನ್ನ, ಎರಡು ದಾರಿಯಿಂದ ತೆಗೆದ್ರೆ ಸ್ಪೀಡಿನ ದಾರಿಲಿ ಕಿ.ಮೀ.ಗೆ 20 ಗಾಡಿ, ಆಕ್ಯುಪೆನ್ಸಿ (ಲೂಪ್ ಆನ್ ಇರೋ ಹೊತ್ತಿನ ಪಾಲು) ದಾರಿಲಿ 33 ಬರ್ತದೆ ಅಂತ. ತಪ್ಪು ಎರಡೂ ಕಡೆ ನಂದೇ ಮಾರಾಯ್ರೆ.

ಒಂದು, ಆಕ್ಯುಪೆನ್ಸಿ 15% ಇದ್ದಾಗ ಒಂದು ಕಿ.ಮೀ.ಲಿ ಗಾಡಿ ತುಂಬಿದ ಭಾಗ 0.15 ಕಿ.ಮೀ. ಅಂದ್ರೆ 150 ಮೀಟರನ್ನ ಬರೀ ಕಾರಿನ ಉದ್ದ 4.5ರಿಂದ ಭಾಗಿಸ್ತಿದ್ದೆ, ಆದ್ರೆ ಗಾಡಿಯ ಮೂತಿ ಲೂಪಿಗೆ ತಾಗಿದಲ್ಲಿಂದ ಬಾಲ ದಾಟೋವರೆಗೂ ಅದು ಆನ್ ಇರ್ತದೆ, ಹಾಗಾಗಿ ಲೂಪಿನ 2 ಮೀಟರೂ ಸೇರಿ 6.5 ಆಗ್ಬೇಕಿತ್ತು, ಈಗ 23 ಬಂತು. ಎರಡನೇದು ಸ್ಪೀಡಿಂದು. ಅರ್ಧ ಗಾಡಿ ಗಂಟೆಗೆ 40 ಕಿ.ಮೀ.ಲಿ, ಅರ್ಧ 80ರಲ್ಲಿ ಹೋದ್ರೆ ಸರಾಸರಿ 60 ಅಂತ ಹಾಕಿದ್ದೆ, ಆದ್ರೆ ನಿಧಾನದ ಗಾಡಿ ರಸ್ತೆಲಿ ಹೆಚ್ಚು ಹೊತ್ತು ಇರ್ತದೆ, ಹಾಗಾಗಿ ಹಾರ್ಮೋನಿಕ್ ಮೀನ್ (ನಿಧಾನದ ಸ್ಪೀಡಿಗೆ ಹೆಚ್ಚು ತೂಕ ಕೊಡೋ ಸರಾಸರಿ) ತಗೊಂಡ್ರೆ 53.3, ಗಂಟೆಗೆ 1200 ಗಾಡಿಗೆ ಡೆನ್ಸಿಟಿ 22.5.

ಉಳಿದದ್ದು ಟ್ರಕ್ ಲೇನ್. ಅಲ್ಲಿ ಉದ್ದ ಬೇರೆನೇ ಇಡ್ಬೇಕು, ಇಲ್ದಿದ್ರೆ ಇಲ್ಲದ ಗಾಡಿಗಳೆಲ್ಲ ಲೆಕ್ಕಕ್ಕೆ ಬರ್ತವೆ. ನಿನ್ನೆ ಕಾರವಾರದಲ್ಲಿ ಹೈವೇ ಬದಿ ಚಾ ಕುಡಿತಾ, ಅಲ್ಲಿ ನಿಂತಿದ್ದ ಟಿಪ್ಪರ್ ಒಂದನ್ನ ಹೆಜ್ಜೆ ಹಾಕಿ ಅಳ್ದೆ, ಡ್ರೈವರ್ ಇಳಿದು ಬಂದು ಪಾರ್ಟಿ ಯಾರು, ಗಾಡಿ ತಗೋತಾರಾ ಅಂತ ಕೇಳ್ದ.