ಗ್ರೇನ್ ಒರೆಸಬೇಕೇ? 1971ರ ಬಾಂಗ್ಲಾದೇಶ ಕನ್ಸರ್ಟ್ ಮತ್ತೆ ದೊಡ್ಡ ಪರದೆಗೆ

ಹಳೇರೀಲು: 1971ರ ಆಗಸ್ಟ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಸಿತಾರ್ ವಾದಕ ರವಿಶಂಕರ್ ಕೇಳಿದರು ಅಂತ ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಗೆಳೆಯರನ್ನೆಲ್ಲ ಸೇರಿಸಿ, ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಒಂದೇ ದಿನ ಎರಡು ಪ್ರದರ್ಶನ ಕೊಟ್ಟರು. ಚಿತ್ರೀಕರಣ 16 ಎಂಎಂ ಅನ್ನೋ ಕಿರಿದಾದ ಫಿಲ್ಮಿನಲ್ಲಿ. 1972ರಲ್ಲಿ ಅದನ್ನೇ 70 ಎಂಎಂಗೆ ಹಿಗ್ಗಿಸಿ ಬಿಡುಗಡೆ ಮಾಡಿದರು. ಮೂಲ ನೆಗೆಟಿವ್‌ನಿಂದ 4ಕೆ ಸ್ಕ್ಯಾನ್ ಮಾಡಿ ಮತ್ತೆ ಥಿಯೇಟರಿಗೆ ತರಬೇಕು ಅನ್ನೋದು ನನ್ನ ವಾದ. ಆದರೆ ಫಿಲ್ಮಿನಲ್ಲಿ ಕಾಳು ಕಾಳಾಗಿ ಕಾಣೋ ಚುಕ್ಕಿ ಇದೆಯಲ್ಲ, ಆ ಗ್ರೇನ್ ಮುಟ್ಟಕೂಡದು.

ಪಿಕ್ಸೆಲ್_ಪಾಪಣ್ಣ: "ಗ್ರೇನ್ ಮುಟ್ಟಕೂಡದು." ಸರಿ, ಅಲ್ಲಿ ಹಾಡಿದ ಬಾಬ್ ಡಿಲನ್ ಮುಖದ ಮೇಲೆ ರಾಗಿ ಚೆಲ್ಲಿದ ಹಾಗೆ ಕಾಣಲಿ ಬಿಡಿ! ನಿರ್ದೇಶಕ ಪೀಟರ್ ಜಾಕ್ಸನ್ ಬೀಟಲ್ಸ್ ಸಾಕ್ಷ್ಯಚಿತ್ರ 'ಗೆಟ್ ಬ್ಯಾಕ್'ನಲ್ಲಿ ಇದೇ 16 ಎಂಎಂ ಅನ್ನು ನಿನ್ನೆ ತೆಗೆದ ಹಾಗೆ ಮಾಡಿ ತೋರಿಸಲಿಲ್ಲವೇ?

ಹಳೇರೀಲು: ನಿನ್ನೆ ತೆಗೆದ ಹಾಗೆ ಕಾಣೋದೇ ನನ್ನ ತಕರಾರು. ಅಲ್ಲಿ ಎಷ್ಟೋ ಮುಖ ಮೇಣದ ಬೊಂಬೆ. 16 ಎಂಎಂನಲ್ಲಿ ಚಿತ್ರ ಅಂತ ಇರೋದೇ ಆ ಗ್ರೇನ್. ಅದನ್ನು ಒರೆಸಿದರೆ ಹ್ಯಾರಿಸನ್ ಗಡ್ಡ, ಸಿತಾರಿನ ತಂತಿ ಎಲ್ಲ ಜೊತೆಗೇ ಹೋಗುತ್ತೆ.

ಮಂದ್ರಷಡ್ಜ: ಸಿತಾರ್ ಅಂದಿರಲ್ಲ, ಅಲ್ಲಿಗೆ ಬನ್ನಿ. ರವಿಶಂಕರ್, ಸರೋದ್‌ಗೆ ಅಲಿ ಅಕ್ಬರ್ ಖಾನ್, ತಬಲಾಕ್ಕೆ ಅಲ್ಲಾ ರಖಾ, ತಂಬೂರಕ್ಕೆ ಕಮಲಾ ಚಕ್ರವರ್ತಿ. ಆಲ್ಬಂನಲ್ಲಿ ಅವರಿಗೆ ಸಿಕ್ಕಿದ್ದು ಸುಮಾರು 16 ನಿಮಿಷ. ಶ್ರುತಿ ಮಾಡಿಕೊಂಡಿದ್ದಕ್ಕೇ ಜನ ಚಪ್ಪಾಳೆ ಹೊಡೆದ ಆ ತುಣುಕನ್ನು ಮೊದಲು ಕತ್ತರಿಸಿ. 50 ವರ್ಷದಿಂದ ಅದೊಂದೇ ಜೋಕು. ಆಮೇಲೆ ನುಡಿಸಿದ್ದು ಯಾರಿಗೂ ನೆನಪಿಲ್ಲ.

ಪಿಕ್ಸೆಲ್_ಪಾಪಣ್ಣ: ಕತ್ತರಿಸೋದಾ? ಶ್ರುತಿಯೇ ಇಷ್ಟು ಹಿಡಿಸಿದರೆ ನುಡಿಸೋದು ಇನ್ನೂ ಹಿಡಿಸುತ್ತೆ ಅಂದುಕೊಳ್ಳುತ್ತೇನೆ ಅಂತ ರವಿಶಂಕರರೇ ಹೇಳಿದರಲ್ರೀ. ಜನಕ್ಕೆ ಗೊತ್ತಿರಲಿಲ್ಲ ನಿಜ, ಪ್ರೀತಿ ಇತ್ತು.

ಮಂದ್ರಷಡ್ಜ: "ಪ್ರೀತಿ ಇತ್ತು" ಅಂತೆ! ಬಂದಿದ್ದು ಬೀಟಲ್ಸ್ ನೋಡೋಕೆ. ನುಡಿಸುವಾಗ ಸಿಗರೇಟ್ ಸೇದಬೇಡಿ ಅಂತ ಕೇಳಿಕೊಳ್ಳಬೇಕಾಯ್ತು.

ಕೋಟೆಮೈದಾನ: ಸ್ವಾಮಿ, ರಾಮನವಮಿ ಕಛೇರೀಲಿ ತನಿ ಆವರ್ತನ, ಅದೇ ಮೃದಂಗದವರ ಸರದಿ, ಶುರುವಾಗುತ್ತಲೇ ಕಾಫಿಗೆ ಏಳೋ ಜನ ನಾವು. ಶ್ರುತಿಗೂ ಚಪ್ಪಾಳೆ ಹೊಡೆದವರೇ ವಾಸಿ.

ಮಂದ್ರಷಡ್ಜ: "ನಾವು" ಅನ್ನಬೇಡಿ, ನಾನು ಎದ್ದಿಲ್ಲ. ಅಲಿ ಅಕ್ಬರರ ಶಿಷ್ಯ ರಾಜೀವ ತಾರಾನಾಥರ ಸರೋದ್ ಎದುರು ಕೂತು ಕೇಳಿದ್ದೇನೆ. ಶ್ರುತಿ ಮಾಡುವಾಗ ಒಬ್ಬರೂ ಕೆಮ್ಮಲಿಲ್ಲ.

ಕೋಟೆಮೈದಾನ: ಬಾಗಿಲಲ್ಲಿ ಕಷಾಯ ಹಂಚಿದ್ದರೇನೋ.

ಮಂದ್ರಷಡ್ಜ: ಇಂಥ ಕುಹಕಕ್ಕೆ ಉತ್ತರ ಕೊಡಲ್ಲ. ತಾರಾನಾಥರು ಯಾರು ಅಂತಲಾದರೂ ಗೊತ್ತಾ ನಿಮಗೆ?

ಕೋಟೆಮೈದಾನ: ಉತ್ತರ ಕೊಡಲ್ಲ ಅಂದು ಎರಡನೇ ಸಾಲಲ್ಲೇ ಪ್ರಶ್ನೆ! ಗೊತ್ತು ಸ್ವಾಮಿ, ಸಾಹಿತ್ಯ ವಿಮರ್ಶಕರೂ ಹೌದು. ಅವರು ನಗುತ್ತಿದ್ದರು, ನೀವು ಮುನಿಸಿಕೊಂಡಿದ್ದೀರಿ.

ಲೆಕ್ಕಪತ್ರ: ಚಪ್ಪಾಳೆ ಬಿಡಿ, ದುಡ್ಡಿನ ಮಾತಾಡಿ. ಟಿಕೆಟ್ ಹಣ 2,43,418 ಡಾಲರ್ ಯುನಿಸೆಫ್‌ಗೆ ಹೋಯ್ತು. ಆಲ್ಬಂ, ಚಿತ್ರದ ಗಳಿಕೆ ಮಾತ್ರ ಅಮೆರಿಕದ ತೆರಿಗೆ ಇಲಾಖೆ ಕೈಲಿ ವರ್ಷಗಟ್ಟಲೆ ಸಿಕ್ಕಿಬಿತ್ತು, ಮೊದಲೇ ಸಹಾಯಾರ್ಥ ಅಂತ ದಾಖಲೆ ಮಾಡಿಸಿರಲಿಲ್ಲ ಅಂತ. ಈ ಸಲದ ಕಲೆಕ್ಷನ್ ಯಾರಿಗೆ?

ಮಂದ್ರಷಡ್ಜ: "ಚಪ್ಪಾಳೆ ಬಿಡಿ" ಅನ್ನೋಕೆ ನೀವ್ಯಾರು?

ಹಳೇರೀಲು: ಯಾರಾದರೂ ನೆಗೆಟಿವ್ ಬಗ್ಗೆ ಮಾತಾಡ್ತೀರಾ? ರಾಗಿ ಚೆಲ್ಲಿದ ಹಾಗಾಗಿದ್ದು 70 ಎಂಎಂಗೆ ಹಿಗ್ಗಿಸಿದ್ದರಿಂದ. ನೆಗೆಟಿವ್‌ನಿಂದಲೇ ಸ್ಕ್ಯಾನ್ ಮಾಡಿದರೆ ಅರ್ಧ ಜಗಳ ಮುಗಿಯುತ್ತೆ.

ಪಿಕ್ಸೆಲ್_ಪಾಪಣ್ಣ: ಅರ್ಧ ತಾನೇ? ಹಾಗಾದರೆ ರವಿಶಂಕರ್ ಭಾಗಕ್ಕೆ ಗ್ರೇನ್ ಇಟ್ಟುಕೊಳ್ಳಿ, ಗಿಟಾರ್ ಹಿಡಿದು ಎರಿಕ್ ಕ್ಲಾಪ್ಟನ್ ಬಂದಾಗ ಒರೆಸಿ.

ಹಳೇರೀಲು: ಒಂದೇ ಚಿತ್ರ ರೀ ಅದು. ಅರ್ಧ ಸಾದಾ ಅರ್ಧ ಮಸಾಲೆ ಅನ್ನೋಕೆ ದೋಸೆ ಅಲ್ಲ.

ಕೋಟೆಮೈದಾನ: ದೋಸೆ ಬಂತು, ಇನ್ನು ಕಾಫಿ ಬರಲಿ.

ಮಂದ್ರಷಡ್ಜ: ಕಾಫಿ ವಿಷಯ ತೆಗೆದಿದ್ದು ಯಾರು ಅಂತ ಮೇಲೆ ಹೋಗಿ ಓದಿ.